ಓದುಗರ ಪ್ರಶ್ನೆ: ಉದ್ದನೆಯ ವಿಳಾಸಕ್ಕೆ ಪುಟ್ಟ ಕೊಂಡಿ

ಪ್ರಶ್ನೆ: ನಮ್ಮೂರಿನ ಯಕ್ಷಗಾನ ಬಯಲಾಟದ ಆಮಂತ್ರಣವನ್ನು ವರ್ಡ್‌ನಲ್ಲಿ ಸಿದ್ಧಪಡಿಸಿದ್ದೇನೆ. ಸ್ಥಳದ ನಕ್ಷೆಯ ಜಾಲವಿಳಾಸವೇ ಎರಡು ಸಾಲು ನುಂಗುತ್ತಿದೆ. ಅದನ್ನು ‘ದಾರಿ ನೋಡಿ’ ಎಂಬ ಪದಗಳ ಹಿಂದೆ ಅಡಗಿಸುವುದು ಹೇಗೆ?
– ಓದುಗರೊಬ್ಬರು, ಮಲ್ಪೆ, ಉಡುಪಿ

ಉತ್ತರ: ವಿಳಾಸವನ್ನು ನಕಲಿಸಿಕೊಂಡು, ‘ದಾರಿ ನೋಡಿ’ ಎಂಬ ಪದಗಳನ್ನು ಆಯ್ದು, ಕಂಟ್ರೋಲ್ ಮತ್ತು ಕೆ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ತೆರೆಯುವ ಚೌಕದಲ್ಲಿ ಅದನ್ನು ಅಂಟಿಸಿ. ಗೂಗಲ್ ಡಾಕ್ಸ್ ಮತ್ತು ಜಿಮೇಲ್‌ನಲ್ಲಿಯೂ ಇದೇ ಕ್ರಮ. ಪಿಡಿಎಫ್ ಮಾಡುವಾಗ ‘ಪ್ರಿಂಟ್’ ಮೂಲಕ ಹೋಗದೆ ‘ಸೇವ್ ಆ್ಯಸ್’ ಬಳಸಿ, ಇಲ್ಲವಾದರೆ ಕೊಂಡಿ ಸತ್ತು ನೀಲಿ ಬಣ್ಣವಷ್ಟೇ ಉಳಿದೀತು.

ವಿಳಾಸವನ್ನು ಹಾಗೆಯೇ ಬರೆದರೂ ತಂತ್ರಾಂಶವೇ ಗುರುತಿಸಿ ಕೊಂಡಿಯಾಗಿಸುತ್ತದೆ, ನಿಜ. ಆದರೆ ಖಾಲಿ ಜಾಗ ಬರುವವರೆಗಿನದನ್ನೆಲ್ಲ ವಿಳಾಸವೆಂದೇ ಅದು ಭಾವಿಸುವುದುಂಟು. ನಾವು ಕನ್ನಡಿಗರು ವಿಭಕ್ತಿ ಪ್ರತ್ಯಯವನ್ನು ಪದಕ್ಕೆ ಅಂಟಿಸಿಯೇ ಬರೆಯುವವರಾದ್ದರಿಂದ, ವಿಳಾಸದ ಕೊನೆಗೆ ‘ನಲ್ಲಿ’ ಸೇರಿಸಿದರೆ ಆ ‘ನಲ್ಲಿ’ಯೂ ಅದರ ಬಾಲವಾಗಿ, ಒತ್ತಿದವರಿಗೆ ಪುಟವೇ ಸಿಗದೆ ಹೋಗಬಹುದು. (ಮಂಗಳೂರಿನ ಮಿತ್ರರೊಬ್ಬರ ಮದುವೆಯ ಕರೆಯೋಲೆಯಲ್ಲಿ ನಾನೇ ಈ ತಪ್ಪು ಮಾಡಿದ್ದೆ.) ಪ್ರತ್ಯಯಕ್ಕೆ ಮುನ್ನ ಒಂದು ಖಾಲಿ ಜಾಗ ಬಿಡಿ, ವ್ಯಾಕರಣ ಮುನಿಸಿಕೊಂಡರೂ ಅತಿಥಿಗಳು ದಾರಿ ತಪ್ಪುವುದಿಲ್ಲ. ಅಂದಹಾಗೆ, ಮುದ್ರಿಸಿ ಮನೆಮನೆಗೆ ಹಂಚುವ ಪ್ರತಿಯಲ್ಲಿ ಕೊಂಡಿ ಕೆಲಸಕ್ಕೆ ಬಾರದು. ಅದಕ್ಕೆ ಕ್ಯೂಆರ್ ಕೋಡ್ ಹಾಕಿಸಿ.