ಅಮೆರಿಕದ ಕಾನ್ಸಾಸ್‌ನಲ್ಲಿರುವ ನಿಕೋಡೆಮಸ್ ಅನ್ನೋ ಹಳ್ಳಿಯ ಚರಿತ್ರೆ ಏನು? ಈಗ ಅಲ್ಲಿ ಎಷ್ಟು ಜನ ಇದ್ದಾರೆ?

2020ರ ಜನಗಣತಿ ಪ್ರಕಾರ ಬರೀ 14 ಜನ. ಆದರೆ ಊರಿನ ಕಥೆ ದೊಡ್ಡದು.

ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರು 1877ರಲ್ಲಿ ಕಟ್ಟಿದ ಊರು ಇದು. ಹೆಚ್ಚಿನವರು ಕೆಂಟಕಿಯಿಂದ ಬಂದವರು. ಸ್ವಂತ ಜಮೀನು ಸಿಗುತ್ತೆ ಅಂತ ಕರಪತ್ರ ಹಂಚಿ ಕರೆದಿದ್ದರು. ಬಂದು ನೋಡಿದರೆ ಮರ ಇಲ್ಲ, ಮನೆ ಇಲ್ಲ, ಎಲ್ಲೆಲ್ಲೂ ಹುಲ್ಲುಗಾವಲು. 1878ರಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬಾಕೆ ಊರೆಲ್ಲಿ ಅಂತ ಕೇಳಿದರೆ, ಗಂಡ ನೆಲದಿಂದ ಏಳುತ್ತಿದ್ದ ಹೊಗೆ ತೋರಿಸಿದರಂತೆ. ಜನ ನೆಲ ಅಗೆದು ಅದರೊಳಗೇ ಸಂಸಾರ ಮಾಡುತ್ತಿದ್ದರು! ಆಕೆ ಅತ್ತೇಬಿಟ್ಟರು. ಕೆಲವರು ವಾಪಸ್ ಹೋದರು, ಉಳಿದವರಿಗೆ ಮೊದಲ ಚಳಿಗಾಲದಲ್ಲಿ ಒಸೇಜ್ ಮೂಲನಿವಾಸಿಗಳು ಬೇಟೆ ಮಾಂಸ ಕೊಟ್ಟು ಕಾಪಾಡಿದರು.

ಹತ್ತು ವರ್ಷದೊಳಗೆ ಬ್ಯಾಂಕ್, ಹೋಟೆಲ್, ಚರ್ಚ್, ಎರಡು ಪತ್ರಿಕೆ ಎಲ್ಲ ಬಂದವು. ಏಟು ಬಿದ್ದಿದ್ದು 1888ರಲ್ಲಿ. ರೈಲು ಊರಿಗೆ ಬರಲೇ ಇಲ್ಲ, ಸಾಲೊಮನ್ ನದಿಯ ಆಚೆ ದಡದಲ್ಲಿ ಹಾದುಹೋಯಿತು. ಅಂಗಡಿಗಳು ಹಳಿ ಇದ್ದ ಕಡೆಗೆ, ಈಗಿನ ಬೋಗ್ ಊರಿಗೆ ಎದ್ದು ಹೋದವು. 1930ರ ದಶಕದ ಬರ, ದೂಳುಗಾಳಿಗೆ ಇನ್ನಷ್ಟು ಜನ ಖಾಲಿಯಾದರು.

1996ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಮಾಡಿದ್ದಾರೆ. ಪ್ರತಿ ಬೇಸಿಗೆಯಲ್ಲಿ ವಿಮೋಚನೆ ಹಬ್ಬಕ್ಕೆ ಹಳೇ ಮನೆತನದವರು ದೂರದೂರಿಂದ ಬರುತ್ತಾರೆ. ನಮ್ಮೂರ ಜಾತ್ರೆ ಥರಾನೇ ಅಲ್ವಾ?