ಇಳಿಜಾರು ಡ್ರೈವ್‌ವೇಗೆ ಟ್ರೇಲರ್ ತರುವ ಮುಂಚೆ

ತಮ್ಮಾ, ಪಿಟ್ಸ್‌ಬರ್ಗ್‌ನಲ್ಲಿ ನೀವು ನೋಡಿರುವ ಮನೆಯ ಡ್ರೈವ್‌ವೇ, ಅಂದರೆ ರಸ್ತೆಯಿಂದ ಗ್ಯಾರೇಜಿಗೆ ಹೋಗುವ ದಾರಿ, ತುಂಬಾ ಏರು ಅಂತ ಬರೆದಿದ್ದೀಯ. ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಅದೇ ಟ್ರಾವೆಲ್ ಟ್ರೇಲರ್, ತಗೊಂಡರೆ ಅದನ್ನು ಹತ್ತಿಸಿ ಇಳಿಸೋಕೆ ಆಗುತ್ತಾ, ಗಂಡ ಹೆಂಡತಿ ಇಬ್ಬರೇ ಸಾಕಾ, ಇನ್ಶೂರೆನ್ಸ್ ಹೇಗೆ ಅಂತ ಕೇಳಿದ್ದೀಯ. ಆಗುತ್ತೆ. ನಮ್ಮ ಮನೆಯಲ್ಲಿ ರಿವರ್ಸ್ ಹಾಕಿ ಹತ್ತಿಸುವವಳು ನಾನೇ. ಚಾರ್ಮಾಡಿ ಘಾಟಿಯಲ್ಲಿ ಕೆಎಸ್‌ಆರ್‌ಟಿಸಿ ಬಸ್ ಓಡಿಸಿದವರ ಮಗಳು ನಾನು.

ಈ ಊರೇ ಗುಡ್ಡದ ಊರು. ನಾನು ಬಂದ ದಿನ ಫೋರ್ಟ್ ಪಿಟ್ ಸುರಂಗ ದಾಟಿದ ಕೂಡಲೇ ನದಿ, ಸೇತುವೆ, ದೊಡ್ಡ ಕಟ್ಟಡ ಎಲ್ಲ ಒಟ್ಟಿಗೆ ಎದುರಾದವು. ಆ ವಾರವೇ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದೆವು. ಗುಡ್ಡ ಹತ್ತುವಾಗ ಮೂಡಿಗೆರೆ ನೆನಪಾಗಿ ಗಂಟಲು ಕಟ್ಟಿತು. ಬೀಚ್‌ವ್ಯೂನಲ್ಲಿ ಕ್ಯಾಂಟನ್ ಅವೆನ್ಯೂ ಅಂತ ಒಂದು ರಸ್ತೆ ಇದೆ, ಶೇಕಡಾ 37 ಏರು. ಅದನ್ನು ನೋಡಿದರೆ ನಿಮ್ಮ ಡ್ರೈವ್‌ವೇ ಏನೂ ಅಲ್ಲ ಅನ್ನಿಸಬಹುದು. ಆದರೂ ಹುಷಾರು.

ತೊಂದರೆ ಕೊಡುವುದು ಬರೀ ಏರಲ್ಲ, ರಸ್ತೆಯೂ ಏರೂ ಕೂಡುವ ತಗ್ಗು. ಟ್ರೇಲರ್‌ನ ಚಕ್ರ ಇನ್ನೂ ರಸ್ತೆಯಲ್ಲಿರುವಾಗಲೇ ಅದರ ಹಿಂಭಾಗ ಏರಿಗೆ ತಾಗುತ್ತದೆ. ಚಕ್ರದಿಂದ ಹಿಂದಕ್ಕೆ ಎಷ್ಟು ಉದ್ದ ಚಾಚಿದೆಯೋ ಅಷ್ಟೂ ಕಷ್ಟ. ಅದಕ್ಕೇ ಚಿಕ್ಕದು ತಗೊಳ್ಳಿ. ತಗ್ಗಿನಲ್ಲಿ ಚಕ್ರ ಉರುಳುವ ಜಾಗಕ್ಕೆ ದಪ್ಪ ಮರದ ಹಲಗೆ ಹಾಕಿದರೆ ಹಿಂಭಾಗ ಮೇಲೆದ್ದು ಉಜ್ಜುವುದು ತಪ್ಪುತ್ತದೆ. ಟ್ರೇಲರ್‌ನ ಮೂತಿಗೆ ಆನಿಕೆ ಕೊಡುವ ಮುಂದಿನ ಜ್ಯಾಕ್ ಪೂರ್ತಿ ಮೇಲಕ್ಕೆತ್ತಿರಬೇಕು. ಕಾರಿಗೂ ಟ್ರೇಲರ್‌ಗೂ ನಡುವಿನ ಕೊಂಡಿ, ಅಂದರೆ ಹಿಚ್, ಭಾರ ಹಂಚುವ ಥರದ್ದಾದರೆ ಅದರ ಸ್ಪ್ರಿಂಗ್ ಬಾರ್ ಅನ್ನುವ ಕಬ್ಬಿಣದ ಪಟ್ಟಿಗಳನ್ನು ರಸ್ತೆಯಲ್ಲೇ ಬಿಚ್ಚಿಡಿ. ತಗ್ಗಿನಲ್ಲಿ ಅವುಗಳ ಮೇಲೆ ವಿಪರೀತ ಎಳೆತ ಬೀಳುತ್ತದೆ.

ಟ್ರೇಲರ್‌ನ ತೂಕದಲ್ಲಿ ಶೇಕಡಾ 10ರಿಂದ 15 ಭಾಗ ಕಾರಿನ ಹಿಂಬದಿಯ ಮೇಲೆ ಕೂರುತ್ತದೆ. ಆಗ ಮುಂದಿನ ಚಕ್ರಗಳು ಹಗುರಾಗುತ್ತವೆ. ಮುಂದಿನ ಚಕ್ರದಿಂದ ಓಡುವ ಕಾರಾದರೆ, ಅಕ್ಟೋಬರ್‌ನ ಒದ್ದೆ ಎಲೆಗಳ ಮೇಲೆ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ಹತ್ತುವುದಿಲ್ಲ. ಇನ್ನು ರಿವರ್ಸ್ ಕಲಿಯುವುದು ಸುಲಭ: ಕೈಯನ್ನು ಸ್ಟೀರಿಂಗ್‌ನ ಕೆಳಭಾಗದಲ್ಲಿಡು, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸು. ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಅಭ್ಯಾಸ ಮಾಡಿಕೋ.

ನಾನು ನಿಜವಾಗಿ ಹೇಳಬೇಕಾದ್ದು ಬಿಚ್ಚುವ ವಿಷಯ. ಇಲ್ಲಿನ ಟ್ರೇಲರ್‌ಗಳಿಗೆ ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಇರುವುದಿಲ್ಲ. ಬ್ರೇಕಿಗೆ ಕರೆಂಟು ಬರುವುದು ಕಾರಿನಿಂದ. ಕಾರಿನಿಂದ ಬಿಚ್ಚಿದ ಮೇಲೆ ಅದನ್ನು ಹಿಡಿದಿಡುವುದು ಚಕ್ರಕ್ಕೆ ಕೊಟ್ಟ ಅಡೆ ಒಂದೇ. ನಮ್ಮ ಟ್ರೇಲರ್ ಮನೆಗೆ ಬಂದಾಗ ಅಪ್ಪ ಊರಿನಿಂದ ಬಂದಿದ್ದರು. ತಂದುಕೊಟ್ಟವನು ಒಂದೇ ಚಕ್ರಕ್ಕೆ ಅಡೆ ಇಟ್ಟು, ಕಾರಿಗೆ ಕಟ್ಟಿದ್ದ ಸರಪಳಿಯನ್ನೂ ಬಿಚ್ಚಿಬಿಟ್ಟ. "ಇನ್ನೊಂದು ಚಕ್ರಕ್ಕೂ ಕಲ್ಲು ಕೊಡಪ್ಪಾ" ಅಂತ ಅಪ್ಪ ಕನ್ನಡದಲ್ಲೇ ಕೂಗಿದರು. ನಾನು ಅವನಿಗೆ ತಿಳಿಸುವಷ್ಟರಲ್ಲಿ ಜ್ಯಾಕ್ ಜಾರಿತು, ಗಾಡಿ ಕೆಳಗೆ ಹೊರಟಿತು. ಅಪ್ಪ ಓಡಿಹೋಗಿ ಎರಡೂ ಕೈ ಕೊಟ್ಟು ತಡೆಯೋಕೆ ನೋಡಿದರು.

ನಮ್ಮ ಕಡೆ ಹಾಗೇ ಅಲ್ವಾ? ಗಾಡಿ ಕೆಟ್ಟು ನಿಂತರೆ, ಜಾರಿದರೆ ಇಡೀ ಬೀದಿ ಬಂದು ಕೈ ಹಚ್ಚುತ್ತದೆ. ಆದರೆ ಸಾವಿರಾರು ಪೌಂಡ್ ತೂಕದ ಗಾಡಿಗೆ ಮನುಷ್ಯನ ಕೈ ಏನು ಲೆಕ್ಕ? ಅದು ರಸ್ತೆ ದಾಟಿ ಎದುರುಮನೆಯ ಕಲ್ಲುಗೋಡೆಗೆ ಬಡಿದು ನಿಂತಿತು. ಅಪ್ಪ ಪಕ್ಕಕ್ಕೆ ಬಿದ್ದರು, ಜೀವ ಉಳಿಯಿತು. ಬಲಗೈ ಮಣಿಕಟ್ಟು ಮುರಿಯಿತು. ಅಷ್ಟು ವರ್ಷ ಘಾಟಿಯ ತಿರುವುಗಳಲ್ಲಿ ಬಸ್ ತಿರುಗಿಸಿದ ಕೈ ಅದು. ಈಗ ಚೊಂಬು ಎತ್ತುವುದೂ ಎಡಗೈಯಲ್ಲೇ. ಫೋನಿನಲ್ಲಿ ಆ ಕೈ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದಕ್ಕೇ ಕೇಳು. ಎರಡೂ ಬದಿಯ ಚಕ್ರಗಳಿಗೆ, ಇಳಿಜಾರಿನ ಕಡೆಯಿಂದ, ಗಟ್ಟಿ ರಬ್ಬರ್ ಅಡೆ ಕೊಡಬೇಕು. ಆಮೇಲೆ ಕಾರಿನ ಬ್ರೇಕ್ ನಿಧಾನ ಬಿಟ್ಟು, ಟ್ರೇಲರ್‌ನ ಭಾರ ಅಡೆಯ ಮೇಲೆ ಕೂತಿತೇ ನೋಡಬೇಕು. ಆಮೇಲೆ ಜ್ಯಾಕ್, ಆಮೇಲೆ ಹಿಚ್. ಸರಪಳಿ ಎಲ್ಲಕ್ಕಿಂತ ಕೊನೆಗೆ. ಕೆಳಗಡೆ ಯಾರೂ ನಿಲ್ಲಬಾರದು, ಮಕ್ಕಳಂತೂ ಮನೆಯೊಳಗೇ ಇರಲಿ. ದಾರಿ ತೋರಿಸುವವರು ಪಕ್ಕದಲ್ಲಿ, ನಿನ್ನ ಕನ್ನಡಿಗೆ ಕಾಣುವ ಹಾಗೆ ನಿಲ್ಲಲಿ. ಗಾಡಿ ಜಾರಿದರೆ ಬಿಟ್ಟುಬಿಡಿ, ಹೋದರೆ ಹೋಗಲಿ.

ಇನ್ಶೂರೆನ್ಸ್ ವಿಷಯ ಏಜೆಂಟನ್ನೇ ಕೇಳು. ಮನೆ ಮುಂದೆ ಟ್ರೇಲರ್ ನಿಲ್ಲಿಸಬಹುದೇ ಅಂತ ಊರಿನ ಪುರಸಭೆ ಆಫೀಸಿನಲ್ಲೂ, ಎಚ್‌ಒಎ (ಮನೆ ಮಾಲೀಕರ ಸಂಘ) ಇದ್ದರೆ ಅಲ್ಲೂ ಮೊದಲೇ ವಿಚಾರಿಸು. ನಿನ್ನ ಅಪ್ಪ ಅಮ್ಮನನ್ನು ಊರಿನಿಂದ ಕರೆಸುವುದಾದರೆ ಅವರ ವಿಸಿಟರ್ ಇನ್ಶೂರೆನ್ಸ್‌ನಲ್ಲಿ ದುಡ್ಡು ಉಳಿಸೋಕೆ ಹೋಗಬೇಡ.

ಗ್ಯಾರೇಜಿನ ಮುಂದೆ ಟ್ರೇಲರ್ ನಿಲ್ಲುವಷ್ಟು ಸಮತಟ್ಟು ಜಾಗ ಇದೆಯಾ ಅಂತ ಟೇಪು ಹಿಡಿದು ಅಳೆದು ನೋಡು. ಇಲ್ಲದಿದ್ದರೆ ತಿಂಗಳ ಬಾಡಿಗೆ ಕೊಟ್ಟು ಸ್ಟೋರೇಜ್ ಲಾಟ್‌ನಲ್ಲಿ ಇಡುವುದೇ ಸರಿ. ಮನೆಗೆ ಸಹಿ ಹಾಕುವ ಮುಂಚೆ ಒಂದು ಶನಿವಾರ ಕರೆ, ನಾನೂ ಬಂದು ನೋಡುತ್ತೇನೆ.