ಕತ್ತಿಗೆ ಹಿಡಿ, ಕೊಡಲಿಗೆ ಕಾವು

ಪ್ರಿಯ ಬರಹಗಾರರೇ,

ನಿಮ್ಮ ಕೊಡವ ಮದುವೆಮನೆಯ ಕಥೆ ಓದಿದೆ. ವಾಲಗದ ಸದ್ದು, ಮಳೆಗೆ ನೆನೆದ ಚಪ್ಪರ, ಅಡುಗೆಮನೆಯ ಗಲಾಟೆ ಎಲ್ಲ ಚೆನ್ನಾಗಿ ಬಂದಿದೆ. ಹೊಗಳಿದ್ದು ಸಾಕು. ನಾಲ್ಕನೇ ಪುಟಕ್ಕೆ ಬರೋಣ.

"ಬಾಳೆ ಕಡಿಯಲು ಸೋದರಮಾವ ತ್ಸರುವಿನಿಂದ ಒಡಿಕತ್ತಿಯನ್ನು ಸರ್ರನೆ ಹಿರಿದ."

ತ್ಸರು! ಅಮರಕೋಶದಲ್ಲಿ ಈ ಪದ ಇದೆ, ನಿಜ. ಖಡ್ಗ ಮೊದಲಾದವುಗಳ ಮುಷ್ಟಿ, ಅಂದರೆ ಕೈಯಲ್ಲಿ ಹಿಡಿಯುವ ಭಾಗ. ನೀವು ಒರೆ ಅಂದುಕೊಂಡಿದ್ದೀರಿ. ಹಿಡಿಯಿಂದ ಕತ್ತಿ ಹಿರಿದರೆ ಅಲಗು ಒಂದು ಕಡೆ, ಮರದ ತುಂಡು ಒಂದು ಕಡೆ. ಮಾವ ಬಾಳೆ ಕಡಿಯೋದು ಹೇಗೆ?

ಸರಿ, ತ್ಸರು ಹೊಡೆದು ಒರೆ ಅಂತ ಬರೆದೆ. ಆಗಲೂ ವಾಕ್ಯ ನಿಲ್ಲಲಿಲ್ಲ. ಒಡಿಕತ್ತಿ ಅಂದರೆ ಕೊಡವರ ಅಗಲ ಅಲಗಿನ ಕತ್ತಿ, ಅದಕ್ಕೆ ಒರೆ ಎಲ್ಲಿದೆ? ಅದನ್ನು ಸೊಂಟದ ಹಿಂದೆ ಹಿತ್ತಾಳೆಯ ಕೊಂಡಿಗೆ, ಅಂದರೆ ತೊಡಂಗಿಗೆ ಸಿಕ್ಕಿಸುತ್ತಾರೆ, ಬರೀ ಅಲಗು. ಒರೆ ಇರುವುದು ಮುಂದೆ ಚೇಲೆಯಲ್ಲಿ, ಅಂದರೆ ಸೊಂಟಕ್ಕೆ ಸುತ್ತುವ ಬಟ್ಟೆಯಲ್ಲಿ, ಸಿಕ್ಕಿಸುವ ಪುಟ್ಟ ಪೀಚೆಕತ್ತಿಗೆ. ನೀವು ವಿರಾಜಪೇಟೆಯವರು ಅಂತ ಬೇರೆ ಬರೆದಿದ್ದೀರಿ!

ಸ್ವಲ್ಪ ಕೆಳಗೆ, "ಅವನು ಹಿಡಿಯವರೆಗೂ ಸಾಲದಲ್ಲಿದ್ದ." ಇದು ಇಂಗ್ಲಿಷಿನವರ ಕತ್ತಿ. ಅಲಗು ಪೂರ್ತಿ ಇಳಿದು ಹಿಡಿ ತಾಗುವವರೆಗೆ ಅನ್ನೋದು ಅವರ ಲೆಕ್ಕ. ನಮ್ಮಲ್ಲಿ ಸಾಲ ಕುತ್ತಿಗೆಯವರೆಗೆ ಬರುತ್ತದೆ. ಕಾಫಿ ರೇಟು ಬಿದ್ದಾಗ ಯಾರನ್ನಾದರೂ ಕೇಳಿ ನೋಡಿ. ನಮಗೆ ಹಿಡಿ ಅಂದರೆ ಮೊದಲು ಕೈ. ಹಗ್ಗ ಹಿಡಿ, ಒಂದು ಹಿಡಿ ಅಕ್ಕಿ, ಕತ್ತಿಯ ಹಿಡಿ. ಇಷ್ಟು ಒಳ್ಳೆಯ ಪದ ಇರುವಾಗ ಸುಮ್ನೆ ತ್ಸರು ಯಾಕೆ?

ಕೆಲಸ ಕಲಿಯುವಾಗ ನಾನೂ ಇಂಥದ್ದೇ ಮಾಡಿದ್ದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ವರದಿಯಲ್ಲಿ ಪೂಜೆಗಿಟ್ಟ "ಕೊಡಲಿಯ ಹಿಡಿ" ಅಂತ ಬರೆದಿದ್ದೆ. ಸಂಪಾದಕರು ಬೈಯಲಿಲ್ಲ. ಪೆನ್ನು ಕಿತ್ತುಕೊಂಡು, ಸಂತೆ ಹತ್ತಿರದ ಕುಲುಮೆಗೆ ಹೋಗಿ ಬಾ ಅಂದರು. ಅಲ್ಲಿ ಆಚಾರಿ ಕತ್ತಿಯ ಬಾಲವನ್ನು ಕೆಂಪಗೆ ಕಾಯಿಸಿ ಮರದ ತುಂಡಿನ ತೂತಿಗೆ ಒತ್ತುತ್ತಿದ್ದರು. ಚುಂಯ್ ಅಂತ ಹೊಗೆ ಎದ್ದಿತು. ಸುಟ್ಟ ಮರದ ವಾಸನೆ.

"ಇದಕ್ಕೆ ಏನಂತೀರಿ?"

"ಹಿಡಿ. ಇನ್ನೇನು?"

"ಆ ಕೊಡಲಿದಕ್ಕೆ?"

"ಅದು ಕಾವು ಕಣಪ್ಪ. ಕೊಡಲಿ ಕಾವು ಕುಲಕ್ಕೆ ಸಾವು ಅಂತ ಕೇಳಿಲ್ವಾ?"

ವಾಪಸ್ ಬಂದು ಹಿಡಿ ಹೊಡೆದು ಕಾವು ಅಂತ ತಿದ್ದಿದೆ. ಕುಲುಮೆಯ ಮಸಿ ಪ್ರೂಫಿಗೂ ಅಂಟಿತ್ತು.

ಕಥೆಯನ್ನು ವಾಪಸ್ ಕಳಿಸುತ್ತಿದ್ದೇನೆ. ನೆಂಟರ ಮನೆಯಲ್ಲಿ ಎಲ್ಲಾದರೂ ಒಡಿಕತ್ತಿ ಇದ್ದೇ ಇರುತ್ತದೆ. ಕೇಳಿಕೊಂಡು ಒಮ್ಮೆ ಕೈಗೆ ತೆಗೆದುಕೊಳ್ಳಿ, ಆಮೇಲೆ ನಾಲ್ಕನೇ ಪುಟ ಬರೆಯಿರಿ. ಒರೆಯ ಆಸೆಗೆ ಮಾವನ ಕೈಗೆ ಪೀಚೆಕತ್ತಿ ಮಾತ್ರ ಕೊಡಬೇಡಿ. ಅದರಲ್ಲಿ ಬಾಳೆ ಕಡಿಯುವಷ್ಟರಲ್ಲಿ ಮುಹೂರ್ತ ಮೀರುತ್ತದೆ. ತುಲಾ ಸಂಕ್ರಮಣದ ಸಂಚಿಕೆಯಲ್ಲಿ ನಿಮಗೆ ಮೂರು ಪುಟ ಇಟ್ಟಿದ್ದೇನೆ.